ಗಾಳಿಗೆ ಬೆಳ್ಳಗಾದ ಚುಕ್ಕೆಗಳು

"ನಾಲಿಗೆ ಹಿಂದಕ್ಕಿಟ್ಕೊಳ್ಳಿ. ಈಗ ಗಾಳಿ ಬಿಡ್ತೀನಿ," ಎಂದರು ಹಲ್ಲಿನ ಡಾಕ್ಟರಮ್ಮ.

ಬೇಕರಿಯವನು ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡ. ಗಂಟಲಿನ ಗಡ್ಡೆಗೆ ವಿಕಿರಣ ಕೊಟ್ಟ ಮೇಲೆ ಅವನ ಬಾಯಲ್ಲಿ ಜೊಲ್ಲು ಬತ್ತಿಹೋಗಿತ್ತು. ಅದರ ಕಾವಲಿಲ್ಲದ ಹಲ್ಲುಗಳು ಬುಡದಿಂದಲೇ ಹುಳುಕಾಗತೊಡಗಿದ್ದವು. ಸದ್ಯ, ಜೀವ ಉಳಿಯಿತಲ್ಲ ಎನ್ನುವಷ್ಟರಲ್ಲಿ ಇದು ಗಂಟುಬಿದ್ದಿತ್ತು. ಕೀಳಿಸಿ ಬಿಸಾಡೋಣವೆಂದರೆ ಅದೂ ಆಗದು. ವಿಕಿರಣ ತಾಗಿದ ದವಡೆಯಲ್ಲಿ ಹಲ್ಲು ಕಿತ್ತ ಗಾಯ ಮಾಯುವುದು ಕಷ್ಟ, ಮೂಳೆಯೇ ಕೊಳೆಯಬಹುದು ಎಂದು ಡಾಕ್ಟರಮ್ಮ ಮೊದಲೇ ಎಚ್ಚರಿಸಿದ್ದರು.

ಅಂದಿನಿಂದ ಹೆಂಡತಿ ಮನೆಯಲ್ಲಿ ಸಕ್ಕರೆ ಡಬ್ಬಿಯನ್ನೇ ಎತ್ತಿಬಿಟ್ಟಿದ್ದಳು. ಅವನೊಬ್ಬನಿಗೇ ಯಾಕೆ ಶಿಕ್ಷೆ ಎಂದು ತಾನೂ ಸಪ್ಪೆ ಕಾಫಿ ಕುಡಿಯುತ್ತಿದ್ದಳು. ಮಲಗುವ ಮುನ್ನ ಡಾಕ್ಟರಮ್ಮ ಮಾಡಿಕೊಟ್ಟ ಹಲ್ಲಿನ ಅಚ್ಚಿಗೆ ಔಷಧಿ ಹಾಕಿ, ಅವನು ಅದನ್ನು ಕಚ್ಚಿಕೊಂಡಿರುವಷ್ಟು ಹೊತ್ತೂ ಎದುರಿಗೆ ಕೂತಿರುತ್ತಿದ್ದಳು. ಹಿಟ್ಟು, ಸಕ್ಕರೆಯ ದೂಳು ತುಂಬಿದ ಬೇಕರಿಯ ಒಲೆ ಕೋಣೆಗೆ ಕಾಲಿಡಕೂಡದು, ಮುಂದಿನ ಗಲ್ಲಾದಲ್ಲಷ್ಟೇ ಕೂರಬೇಕು ಎಂದು ಮಾತು ತೆಗೆದುಕೊಂಡಿದ್ದಳು. ಈಗ ಗೋಡೆ ಪಕ್ಕದ ಸ್ಟೂಲಿನ ಮೇಲೆ ಕ್ಯಾಮೆರಾದ ಪರದೆಗೆ ಕಣ್ಣು ನೆಟ್ಟು ಕೂತಿದ್ದಳು.

ಕಣ್ಣಿಗೆ ಕಾಣದ ಅತಿಗೆಂಪು ಬೆಳಕಿನಲ್ಲಿ ನೋಡುವ ಕ್ಯಾಮೆರಾ ಅದು. ಹುಳುಕು ನಿಂತಿದ್ದರೆ ಹಲ್ಲು ಆರಿದರೂ ಚುಕ್ಕೆ ಇದ್ದಂತೆಯೇ ಇರುತ್ತದೆ. ಇನ್ನೂ ಕೊರೆಯುತ್ತಿದ್ದರೆ ಒಳಗಿನ ಸಣ್ಣ ರಂಧ್ರಗಳ ನೀರು ಬೇಗ ಆರಿ ಚುಕ್ಕೆ ಬೆಳ್ಳಗೆ ಕಾಣುತ್ತದೆ ಎಂದು ಡಾಕ್ಟರಮ್ಮ ವಿವರಿಸಿದ್ದರು. ನಿಂತೇ ನಿಂತಿರುತ್ತದೆ, ಇಷ್ಟೆಲ್ಲ ಮಾಡಿದ್ದೀವಲ್ಲ ಎಂದು ಹೆಂಡತಿ ದಾರಿಯುದ್ದಕ್ಕೂ ಹೇಳುತ್ತ ಬಂದಿದ್ದಳು. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಅವನು ತಮಾಷೆ ಮಾಡಿದಾಗ ನಕ್ಕಿದ್ದಳು ಕೂಡ.

ಗಾಳಿ ಸುಯ್ಯೆಂದಿತು. ಪರದೆಯ ಮೇಲಿನ ಬೂದು ಹಲ್ಲಿನ ಬುಡದಲ್ಲಿ ಒಂದು ಚುಕ್ಕೆ ಬೆಳ್ಳಗಾಯಿತು. ಪಕ್ಕದ್ದೂ ಆಯಿತು. ಆಮೇಲೆ ಮುಂದಿನ ಹಲ್ಲುಗಳ ಸಾಲಿಗೆ ಸಾಲೇ. ಯಂತ್ರ ಕೆಟ್ಟಿರಬಹುದೇ ಎಂದು ಹೆಂಡತಿ ಕೇಳಿದಳು. ಡಾಕ್ಟರಮ್ಮ ಹಲ್ಲು ಒದ್ದೆ ಮಾಡಿ ಮತ್ತೆ ಗಾಳಿ ಬಿಟ್ಟರು. ಅವೇ ಚುಕ್ಕೆಗಳು ಮತ್ತೆ ಬೆಳ್ಳಗಾದವು.

ಬಾಯಲ್ಲಿ ಸಿಹಿ ಏನಾದರೂ ಇಟ್ಟುಕೊಳ್ಳುತ್ತಾರೆಯೇ ಎಂದು ಅವರು ಕೇಳಿದರು. ಮನೆಯಲ್ಲಿ ಒಂದು ಕಾಳು ಸಕ್ಕರೆಯಿಲ್ಲ ಎಂದು ಹೆಂಡತಿಯೇ ಉತ್ತರಿಸಿದಳು. ಅವನು ಬಾಟಲಿಯಿಂದ ನೀರು ಗುಟುಕರಿಸಿ, ಅಂಗುಳಕ್ಕೆ ಅಂಟಿದ್ದ ನಾಲಿಗೆಯನ್ನು ಬಿಡಿಸಿಕೊಂಡ.

"ಒಲೆ ಕೋಣೆಗೆ ಹೋದಾಗೆಲ್ಲ ಒಂದು ಚಿಟಿಕೆ ಸಕ್ಕರೆ ಬಾಯಿಗೆ ಹಾಕ್ಕೋತೀನಿ," ಎಂದ. "ಬೇಗ ಕರಗಲ್ಲ ಅದು. ಹೋದ ರುಚಿ ವಾಪಸ್ ಬಂತಾ ಅಂತ ನೋಡ್ತೀನಿ ಅಷ್ಟೆ."

ಹೆಂಡತಿ ಪರದೆಯಿಂದ ಮುಖ ತಿರುಗಿಸಲಿಲ್ಲ. ಡಾಕ್ಟರಮ್ಮ ತಗ್ಗಿದ ದನಿಯಲ್ಲಿ ಮುಂದಿನದನ್ನು ಹೇಳಿದರು. ಹಲ್ಲುಗಳಿಗೆ ಔಷಧಿಯ ಲೇಪ ಕೊಡುತ್ತಾರೆ, ಕೆಳಗಿನ ದವಡೆ ಹಲ್ಲೊಂದರ ಬೇರಿಗೆ ಚಿಕಿತ್ಸೆ ಮಾಡಿ ನೋಡುತ್ತಾರೆ. ಸಕ್ಕರೆ ಇವತ್ತೇ ನಿಲ್ಲಬೇಕು. ಹಲ್ಲುಗಳು ಉಳಿಯುತ್ತವೆ ಎಂದು ಮಾತ್ರ ಅವರು ಹೇಳಲಿಲ್ಲ.

ಬಸ್ ನಿಲ್ದಾಣದ ಬೆಂಚಿನಲ್ಲಿ ಹೆಂಡತಿ ಅವನಿಂದ ದೂರ ಕೂತಳು.

"ನಾನು ಯಾರಿಗೋಸ್ಕರ ಸಪ್ಪೆ ಕುಡಿದೆ?"

ಅವನು ರಸ್ತೆ ನೋಡುತ್ತಿದ್ದ. ಹದಿಹರೆಯದಿಂದ ಅವನಿಗೆ ಗೊತ್ತಿದ್ದುದು ಅದೊಂದೇ ಕೆಲಸ. ನಾಲಿಗೆಗೆ ರುಚಿಯೇ ಇಲ್ಲದವನು ಒಲೆಯ ಮುಂದೆ ನಿಂತು ಮಾಡುವುದೇನು ಎಂದು ಹೇಳಬೇಕೆನಿಸಿತು. ಅವರ ಬಸ್ಸು ಬಂತು. ಇಬ್ಬರೂ ಏಳಲಿಲ್ಲ. ಬಸ್ಸು ಹೋಯಿತು.

"ರುಚಿ ಬಂತಾ? ಒಂದು ಸಲನಾದ್ರೂ?" ಹೆಂಡತಿ ಕೇಳಿದಳು.

ಅವನು ಇಲ್ಲವೆಂದು ತಲೆಯಾಡಿಸಿದ.

ಅವಳು ಹತ್ತಿರ ಸರಿದು ಅವನ ಕೈಯನ್ನು ತನ್ನ ಮಡಿಲಿಗೆಳೆದುಕೊಂಡಳು. ಗಡಿಯಾರದ ಪಟ್ಟಿಯ ತೂತುಗಳಲ್ಲಿ ಹಿಟ್ಟು ಒಣಗಿ ಗಟ್ಟಿಯಾಗಿತ್ತು. ತಲೆಯ ಪಿನ್ನು ತೆಗೆದು, ಅದರ ತುದಿಯಿಂದ ಒಂದೊಂದೇ ತೂತನ್ನು ಬಿಡಿಸತೊಡಗಿದಳು.