ಉಸುಕಿನೊಳಗಿನ ಗೆಣಸು

"ಅತ್ಯಾರ, ಇನ್ನೊಂದು ಕೊಳತೈತ್ರಿ." ಸೊಸೆ ಮೇಘಾ ಉಸುಕಿನೊಳಗೆ ಮೊಣಕೈವರೆಗೆ ಕೈ ಹಾಕಿ, ಮೆತ್ತಗಾಗಿದ್ದ ಗೆಣಸೊಂದನ್ನು ಹೊರಗೆ ತೆಗೆದಳು. ಧೂಳಿನ ಕೆಲಸವೆಂದು ಅತ್ತೆಯ ಹಳೆಯ ಹಸಿರು ಇಳಕಲ್ ಸೀರೆ ಉಟ್ಟಿದ್ದಳು.

ಅತ್ತೆ ತಾರಾಬಾಯಿ ಅದನ್ನು ಇಸಿದುಕೊಂಡು ಮೂಗಿಗೆ ಹಿಡಿದು ಬುಟ್ಟಿಗೆ ಹಾಕಿದರು. ಉಸುಕಿನ ಮೇಲೆ ಇರುವೆಗಳು ಸಾಲುಗಟ್ಟಿದ್ದವು. ಕಸಬರಿಗೆ ಕೈಯಲ್ಲೇ ಇದ್ದರೂ ಅವು ತಾವಾಗಿ ಸರಿಯಲಿ ಎಂದು ಕಾಯುತ್ತ ಕೂತರು. ಜೀವ ಇದ್ದದ್ದರ ಮೇಲೆ ಕಸಬರಿಗೆ ಆಡಿಸುವ ಮನೆಯಲ್ಲ ಅದು, ಜೈನರ ಮನೆ.

ದೀಪಾವಳಿ ಕಳೆದ ಮೇಲೆ ಮಸಗುಪ್ಪಿಯ ಆ ಹಿತ್ತಲ ಕೋಣೆಯಲ್ಲಿ ನಾಲ್ಕು ಚೀಲ ಗೆಣಸು ಹೂತಿಟ್ಟಿದ್ದರು. ತಾರಾಬಾಯಿಯ ಗಂಡ ಶ್ರೀಪಾಲರು ಮುಂಗಾರಿಗೆ ತಮ್ಮ ಕೈಯಾರೆ ಬಳ್ಳಿ ನೆಟ್ಟ ಬೆಳೆ. ಶ್ರಾವಣದಲ್ಲಿ ಅವರಿಗೆ ಲಕ್ವಾ ಹೊಡೆದು ಬಲಗೈ, ಬಲಗಾಲು ಬಿದ್ದುಹೋದವು. ಮಾತು ತೊದಲಿತು, ನೆನಪು ಹಿಂದುಮುಂದಾಯಿತು. ಬಳ್ಳಿಗೆ ಅದೆಲ್ಲ ಏನು ಗೊತ್ತು? ಎಂದೂ ಇಲ್ಲದಷ್ಟು ಇಳುವರಿ ಬಂತು. ಮಗ ಅಭಿನಂದನ ಬಹುಪಾಲನ್ನು ಟೆಂಪೋದಲ್ಲಿ ಬೆಳಗಾವಿಗೆ ಕಳಿಸಿದ. ಉಳಿದದ್ದರಲ್ಲಿ ಸಲಿಕೆಯ ಪೆಟ್ಟು ತಿಂದವನ್ನು ಅತ್ತೆ ಸೊಸೆ ಕುದಿಸಿ, ಬಿಲ್ಲೆ ಕೊಯ್ದು, ಮಾಳಿಗೆಯ ಮೇಲೆ ಒಣಗಿಸಿ ಡಬ್ಬಿ ತುಂಬಿದರು. ಗಾಯವಿಲ್ಲದವನ್ನು ತೊಳೆಯದೆ ನೆರಳಲ್ಲಿ ಆರಿಸಿ, ಧುಪದಾಳದಿಂದ ತರಿಸಿದ ಹೊಳೆಯ ಉಸುಕಿನಲ್ಲಿ ಒಂದಕ್ಕೊಂದು ತಾಗದಂತೆ ಮಲಗಿಸಿದರು.

ಇಷ್ಟೆಲ್ಲ ಮಾಡಿದ ತಾರಾಬಾಯಿ ಒಂದು ಚೂರನ್ನೂ ಬಾಯಿಗೆ ಹಾಕಿಕೊಂಡಿರಲಿಲ್ಲ. ಚಾತುರ್ಮಾಸದಲ್ಲಿ ಆ ಮನೆಯಲ್ಲಿ ಯಾರೂ ಗಡ್ಡೆ ಗೆಣಸು ಮುಟ್ಟುವುದಿಲ್ಲ. ಅದು ಮುಗಿದ ಮರುದಿನ ಶ್ರೀಪಾಲರು ಮೊದಲ ಗೆಣಸನ್ನು ಕೆಂಡದಲ್ಲಿ ಸುಟ್ಟು, ಸಿಪ್ಪೆ ಸುಲಿದು, ಊದಿ ಆರಿಸಿ ಹೆಂಡತಿಯ ಅಂಗೈಗೆ ಹಾಕುತ್ತಿದ್ದರು. ಮದುವೆಯಾದ ವರ್ಷದಿಂದ ತಪ್ಪದ ಪದ್ಧತಿ. ಓಣಿಯವರು ನಗುತ್ತಿದ್ದರು, ಶ್ರೀಪಾಲರೂ ಜೊತೆಗೆ ನಗುತ್ತಿದ್ದರು.

ಗಂಡ ಹಾಸಿಗೆ ಹಿಡಿದಾಗ ಆಕೆ ಬಸದಿಗೆ ಹೋಗಿ, ಗಡ್ಡೆ ಗೆಣಸು ತಿನ್ನುವುದಿಲ್ಲವೆಂದು ಮುನಿಮಹಾರಾಜರ ಎದುರು ನೇಮ ಹಿಡಿದರು. "ಎಲ್ಲಿಯತನಕ?" ಎಂದು ಮಹಾರಾಜರು ಕೇಳಿದರು. ಯುಗಾದಿತನಕ ಎಂದೋ ವರ್ಷದತನಕ ಎಂದೋ ಹೇಳಬಹುದಿತ್ತು, ಎಲ್ಲರೂ ಹಾಗೇ ಹೇಳುತ್ತಾರೆ. ಆಕೆ "ಅವರು ತಮ್ಮ ಕೈಲೆ ಕೊಡೂತನಕ" ಅಂದುಬಿಟ್ಟರು. ತಿಂಗಳೊಪ್ಪತ್ತಿನಲ್ಲಿ ಎದ್ದಾರು ಎಂಬುದು ಹೆಂಡತಿಯ ಲೆಕ್ಕ, ಪಾಪ. ಡಾಕ್ಟರ ಲೆಕ್ಕ ಬೇರೆ ಇತ್ತು.

"ಮಾವನವರ ಎಡಗೈ ಚಲೋ ಐತಲ್ರಿ," ಎಂದು ಮೇಘಾ ಸಂಕ್ರಾಂತಿಯ ಹೊತ್ತಿಗೊಮ್ಮೆ ಅಂದಿದ್ದಳು. "ಅದರಾಗ ಒಂದು ಹೋಳ ಇಡೂಣು. ನೀವು ಇಸಗೊಂಡ್ರ ನೇಮ ಮುಗೀತು."

"ಅವರು ಕೊಡಬೇಕವಾ. ನಾವ ಇಟ್ಟು ನಾವ ಇಸಗೊಂಡ್ರ, ಕೊಡದ್ದನ್ನ ತೊಗೊಂಡಂಗ ಆಕ್ಕೈತಿ. ಅದು ಕಳವ."

"ಹಂಗಾರ ಮಹಾರಾಜರನ್ನ ಕೇಳಿ ಬಿಡಸ್ಕೊಳ್ರಿ."

"ಬಿಡಸ್ಕೊಂಡ್ರ, ಅವರು ಇನ್ನ ಕೊಡಾಂಗಿಲ್ಲಂತ ನಾನ ಹೇಳಿ ಬಂದಂಗ ಆತಲ್ಲ."

ಮೇಘಾ ಮತ್ತೆ ಆ ಮಾತು ಎತ್ತಲಿಲ್ಲ. ಆಗಾಗ ಉಸುಕು ತಿರುವಿ, ಮೊಳಕೆ ಚಿವುಟಿ, ಕೊಳೆತದ್ದು ತೆಗೆದು, ಅತ್ತೆಯ ಜೊತೆ ತಾನೂ ಕಾಯತೊಡಗಿದಳು. ವಾರಕ್ಕೊಂದು ಗೆಣಸು ಸುಟ್ಟು ಶ್ರೀಪಾಲರ ಮುಂದೆ ಇಡುತ್ತಿದ್ದರು. ಅವರು ಒಮ್ಮೆ ತಿನ್ನುತ್ತಿದ್ದರು, ಒಮ್ಮೆ ಗೋಡೆ ನೋಡುತ್ತ ಕೂತುಬಿಡುತ್ತಿದ್ದರು. ಉಸುಕಿನಲ್ಲಿ ಗೆಣಸು ಇರುವತನಕ ಇಬ್ಬರಿಗೂ ಆಸೆ ಇತ್ತು.

ಇವತ್ತು, ಹೋಳಿ ಹುಣ್ಣಿಮೆ ಕಳೆದ ಮೇಲೆ, ಮನೆಮಂದಿ ತಿಂದದ್ದು, ಕೊಳೆತದ್ದು ಹೋಗಿ, ಕೋಣೆಯ ಮೂಲೆತನಕ ಕೆದರಿದರೂ ಸಿಕ್ಕಿದ್ದು ಒಂದೇ ಗಟ್ಟಿ ಗೆಣಸು. ತಾರಾಬಾಯಿ ಅದನ್ನು ಅಂಗೈಯಲ್ಲಿ ಹೊರಳಿಸಿ ನೋಡಿದರು. "ಇಟ್ರ ಇದೂ ಹೋಗತೈತಿ," ಎಂದು ಒಲೆಯ ಕಡೆ ನಡೆದರು.

ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದ ಶ್ರೀಪಾಲರ ಮುಂದೆ ತಾಟು ಇಟ್ಟು ತಾರಾಬಾಯಿ ಎದುರಿಗೆ ಕೂತರು. ಮೇಘಾ ನೀರಿನ ತಂಬಿಗೆ ಹಿಡಿದು ಬಾಜೂಕ್ಕೆ ಕೂತಳು. ಶ್ರೀಪಾಲರು ಬಹಳ ಹೊತ್ತು ಗೆಣಸನ್ನೇ ನೋಡಿದರು. ಆಮೇಲೆ ಎಡಗೈ ಮುಂದೆ ಹೋಗಿ ಸಿಪ್ಪೆ ಕೀಳತೊಡಗಿತು. ಒಂದು ಹೋಳು ಮುರಿದು ತುಟಿಯ ಹತ್ತಿರ ಒಯ್ದರು. ತಿನ್ನಲಿಲ್ಲ, ಊದಿದರು. ಉಸಿರು ಸೊಟ್ಟ ಬಾಯಿಂದ ಪಕ್ಕಕ್ಕೆ ಹೋಯಿತು, ಮತ್ತೆ ಊದಿದರು.

ತಾರಾಬಾಯಿಯ ಅಂಗೈ ತಾನಾಗಿಯೇ ಮುಂದೆ ಚಾಚಿಕೊಂಡಿತು.

ಶ್ರೀಪಾಲರ ಕೈ ಆ ಅಂಗೈ ದಾಟಿ ಹೋಗಿ ಮೇಘಾ ಉಟ್ಟಿದ್ದ ಹಸಿರು ಸೀರೆಯ ಮುಂದೆ ನಿಂತಿತು.

"ತಾ... ತಾರಾ," ಎಂದರು. "ತೊಗೊ. ಆರೇತಿ."

ಮೇಘಾ ತಂಬಿಗೆಯನ್ನು ಕೆಳಗಿಟ್ಟಳು. "ಮಾವನವರ, ಅತ್ಯಾರು ಇಲ್ಲೇ ಅದಾರ್ರಿ. ಅವರಿಗೆ ಕೊಡ್ರಿ."

ಅವರು ತಿರುಗಿ ತಾರಾಬಾಯಿಯ ಬಿಳಿಗೂದಲನ್ನು ನೋಡಿದರು. ಮೈಯನ್ನು ತುಸು ಹಿಡಿಮಾಡಿಕೊಂಡು, ಮತ್ತೆ ಮೇಘಾಳ ಕಡೆ ಬಾಗಿ, ದನಿ ತಗ್ಗಿಸಿದರು. "ನಾಚಬ್ಯಾಡ. ಅವ್ವ... ಏನೂ ಅನ್ನಾಂಗಿಲ್ಲ."

ಮೇಘಾ ಅತ್ತೆಯ ಮುಖ ನೋಡಿದಳು. ಅವಳ ಕಣ್ಣುಗಳು ತುಂಬಿ ಬಂದಿದ್ದವು. ಹೋಳು ಹಿಡಿದ ಎಡಗೈ ಸೋತು ಮೆಲ್ಲಗೆ ಇಳಿಯುತ್ತಿತ್ತು.

"ತೊಗೊಳ್ಳವಾ," ಎಂದರು ತಾರಾಬಾಯಿ. "ನಾ ಏನೂ ಅನ್ನಾಂಗಿಲ್ಲ."

ಮೇಘಾ ಇಸಿದುಕೊಂಡು ಬಾಯಿಗೆ ಹಾಕಿಕೊಂಡಳು. ಶ್ರೀಪಾಲರು ಅವಳು ಅಗಿಯುವುದನ್ನೇ ನೋಡುತ್ತ ಅರ್ಧ ಬಾಯಲ್ಲಿ ನಕ್ಕರು. ಇಷ್ಟು ತಿಂಗಳಲ್ಲಿ ಅವರು ಹಾಗೆ ನಕ್ಕಿರಲಿಲ್ಲ.

"ಸಿಹಿ ಐತೇನವಾ?" ಎಂದು ತಾರಾಬಾಯಿ ಕೇಳಿದರು.

ಮೇಘಾ ಹೌದೆಂದು ತಲೆ ಆಡಿಸಿದಳು. ತಾರಾಬಾಯಿ ಇನ್ನೂ ಚಾಚಿಕೊಂಡೇ ಇದ್ದ ಅಂಗೈಯನ್ನು ಹಿಂದಕ್ಕೆ ತೆಗೆದುಕೊಂಡು, ರೇಖೆಗಳಲ್ಲಿ ಉಳಿದಿದ್ದ ಉಸುಕನ್ನು ಸೆರಗಿನಿಂದ ಒರೆಸತೊಡಗಿದರು.