ಎರಡನೇ ಗೇರಿನಲ್ಲಿ ನೂರು ಗಜ

ಸೀತಾಲಕ್ಷ್ಮಿಯ ಗಂಡ ಅನಂತಪದ್ಮನಾಭ ಕಾರು ತಂದದ್ದು ಅರವತ್ತೆರಡರ ಶ್ರಾವಣದಲ್ಲಿ. ಜಯನಗರದ ಆ ಅಡ್ಡರಸ್ತೆಯಲ್ಲಿ ಆಗ ಇದ್ದದ್ದು ಹನ್ನೊಂದು ಮನೆ, ಉಳಿದದ್ದೆಲ್ಲ ಬರೀ ಸೈಟು. ಕಾರು ಯಾರ ಮನೆಯಲ್ಲೂ ಇರಲಿಲ್ಲ. ಬಂದ ಕಾರಾದರೂ ಎಂಥದು ಅಂತೀರಿ? ಮಡಚುವ ಬಟ್ಟೆಯ ಟಾಪು, ಉದ್ದನೆಯ ಮೂತಿ, ನೆಲದಿಂದ ಒಂದು ಗೇಣು ಎತ್ತರ, ಎರಡೇ ಸೀಟು. ಇಂಗ್ಲೆಂಡಿಗೆ ವಾಪಸ್ಸು ಹೊರಟಿದ್ದ ಯಾರೋ ಕಾಫಿತೋಟದ ದೊರೆ ಹೊಸ ಕಾರಿನ ಕಾಲು ಬೆಲೆಗೆ ಕೊಟ್ಟುಹೋಗಿದ್ದ. ಇಷ್ಟು ಕಡಿಮೆಗೆ ಯಾಕೆ ಕೊಡುತ್ತಿದ್ದೀಯಪ್ಪ ಅಂತ ಒಂದು ಮಾತು ಕೇಳಬೇಕೋ ಬೇಡವೋ? ಅನಂತಪದ್ಮನಾಭನಿಗೆ ಇನ್ಶೂರೆನ್ಸ್ ಆಫೀಸಿನಲ್ಲಿ ದಿನವಿಡೀ ಇಂಥದೇ ಪ್ರಶ್ನೆ ಕೇಳುವ ಕೆಲಸ. ಅವತ್ತು ಮಾತ್ರ ಕೇಳಲಿಲ್ಲ.

ಊರ ಪಡುವಣಕ್ಕೆ, ಯುದ್ಧದ ಕಾಲದಲ್ಲಿ ವಿಮಾನ ಇಳಿಯಲೆಂದು ಮಾಡಿದ್ದ ಪಟ್ಟಿಯೊಂದು ಪಾಳುಬಿದ್ದಿತ್ತು. ವರ್ಷಕ್ಕೊಂದು ಸಲ ಶ್ರೀಮಂತರ ಮಕ್ಕಳು ಅಲ್ಲಿ ಕಾರು ರೇಸು ಮಾಡುತ್ತಿದ್ದರು. ಅನಂತಪದ್ಮನಾಭನ ಕಣ್ಣು ಅದರ ಮೇಲೆ.

"ಸೋಮವಾರದಿಂದ ಶನಿವಾರ ಆಫೀಸು, ಭಾನುವಾರ ರೇಸು. ಒಂದೇ ಗಾಡಿ, ಎರಡು ಕೆಲಸ," ಎಂದ.

"ಮೂರು ಜನ ಇರೋ ಮನೆಗೆ ಎರಡು ಸೀಟಿನ ಕಾರು ತಂದಿದೀಯ," ಎಂದರು ಅವನ ತಾಯಿ ಶಾಂತಾದೇವಿ. "ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು."

ಮಾರನೆಯ ಬೆಳಿಗ್ಗೆ ಕಾರು ಚಾಲೂ ಆಗಲಿಲ್ಲ. ಅದರ ಮಾರನೆಯ ದಿನವೂ ಆಗಲಿಲ್ಲ. ತಳ್ಳಿದರೆ ಮಾತ್ರ ಹೊರಡುತ್ತಿತ್ತು. ಹೊರಟ ಮೇಲೆ ಚೆನ್ನಾಗಿಯೇ ಓಡುತ್ತಿತ್ತು, ಸುಳ್ಳು ಹೇಳಬಾರದು.

ಮೊದಲ ದಿನ ಅನಂತಪದ್ಮನಾಭ ಸ್ಟೀರಿಂಗ್ ಹಿಡಿದು ಕೂತ, ಸೀತಾಲಕ್ಷ್ಮಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿಂದಿನಿಂದ ತಳ್ಳಿದಳು. ಹನ್ನೊಂದು ಮನೆಯ ಕಿಟಕಿಗಳೂ ತೆರೆದುಕೊಂಡವು. ಗಂಡ ರಾಜನ ಹಾಗೆ ಕೂತಿದ್ದಾನೆ, ಮನೆಯ ಸೊಸೆ ನಡುಬೀದಿಯಲ್ಲಿ ಗಾಡಿ ನೂಕುತ್ತಿದ್ದಾಳೆ! ಶಾಂತಾದೇವಿಗೆ ತಲೆ ಎತ್ತಿಕೊಂಡು ತರಕಾರಿ ಗಾಡಿಯ ಹತ್ತಿರ ಹೋಗಲಾಗಲಿಲ್ಲ. ಸಂಜೆ ಮಗನನ್ನು ಕೂರಿಸಿಕೊಂಡು, ಇನ್ನು ಮೇಲೆ ತಳ್ಳುವವನು ನೀನು, ಅವಳು ಮಾನವಾಗಿ ಒಳಗೆ ಕೂತಿರಲಿ ಎಂದು ತೀರ್ಮಾನ ಕೊಟ್ಟರು. ಒಳಗೆ ಕೂತವರೇ ಕಾರು ಓಡಿಸಬೇಕಾಗುತ್ತದೆ ಎಂಬುದು ಆ ಹೊತ್ತಿಗೆ ಯಾರಿಗೂ ಹೊಳೆಯಲಿಲ್ಲ. ಮರ್ಯಾದೆಯ ಯೋಚನೆ ಬಂದಾಗ ನಮ್ಮವರಿಗೆ ಬೇರೆ ಯೋಚನೆ ಬರುವುದಿಲ್ಲ.

ಕ್ಲಚ್ಚು, ಬ್ರೇಕು, ಎರಡನೇ ಗೇರು ಯಾವುದೆಂದು ಗಂಡ ತೋರಿಸಿಕೊಟ್ಟ. ಹೀಗೆ ಶುರುವಾಯಿತು. ದಿನಾ ಒಂಬತ್ತೂ ಕಾಲಿಗೆ ಸೀತಾಲಕ್ಷ್ಮಿ ನೆರಿಗೆ ಎತ್ತಿಕೊಂಡು ಒಳಗೆ ಕೂತು, ಕ್ಲಚ್ಚು ತುಳಿದು, ಎರಡನೇ ಗೇರಿಗೆ ಹಾಕಿಕೊಳ್ಳುವಳು. ಅನಂತಪದ್ಮನಾಭ ಕೋಟು ಬಿಚ್ಚಿ ಅವಳ ಪಕ್ಕದ ಸೀಟಿಗೆ ಹಾಕಿ ಹಿಂದಕ್ಕೆ ಹೋಗುವನು. ಎದುರುಮನೆಯ ಏಕಾಂತಯ್ಯನವರು ಒಂದು ಕೈ ಕೊಡುವರು. ಅವರು ಮಲೇರಿಯಾ ಇನ್‌ಸ್ಪೆಕ್ಟರಾಗಿ ರಿಟೈರ್ ಆದವರು. ವಾಕಿಂಗಿನ ಬದಲು ಇದೇ ಆಯಿತು ಎನ್ನುತ್ತಿದ್ದರು. ಕಾರು ಸ್ವಲ್ಪ ವೇಗ ಹಿಡಿದಾಗ "ಬಿಡು!" ಎಂಬ ಕೂಗು. ಇವಳು ಕ್ಲಚ್ಚು ಬಿಟ್ಟರೆ ಇಂಜಿನ್ನು ಒಂದು ಸಲ ಮುಗ್ಗರಿಸಿ ಹೊತ್ತಿಕೊಳ್ಳುವುದು. ಅಲ್ಲಿಂದ ರಸ್ತೆಯ ಕೊನೆಯ ಹೊಂಗೆಮರದವರೆಗೆ ನೂರು ಗಜ. ಅಲ್ಲಿ ಬ್ರೇಕು ಒತ್ತಿ, ಇಂಜಿನ್ನು ನಿಲ್ಲದ ಹಾಗೆ ನೋಡಿಕೊಂಡು ಕಾಯುವಳು. ಗಂಡ ಏದುಸಿರು ಬಿಡುತ್ತ ಓಡಿಬಂದು ಬಾಗಿಲು ತೆಗೆದು ನಿಲ್ಲುವನು. ಇವಳು ಇಳಿಯುವಳು. ಅವನು ಹತ್ತಿ ಹೊರಟುಹೋಗುವನು; ಸಂಜೆ ಆಫೀಸಿನ ಜವಾನರು ತಳ್ಳಿ ಕಳಿಸುವರು.

ಆ ನೂರು ಗಜ ಸೀತಾಲಕ್ಷ್ಮಿಯದು. ಅವಳಿಗೆ ಇಪ್ಪತ್ತೇಳು ವರ್ಷ. ಆ ಇಪ್ಪತ್ತೇಳು ವರ್ಷದಲ್ಲಿ ಯಾವುದೂ ಅವಳು ಹೇಳಿದ ಕಡೆಗೆ ತಿರುಗಿರಲಿಲ್ಲ. ಇದು ತಿರುಗುತ್ತಿತ್ತು. ಮುಖಕ್ಕೆ ಗಾಳಿ ಬಡಿಯುತ್ತಿತ್ತು, ಅಡುಗೆ ಏನಾಯಿತು ಎಂದು ಯಾರೂ ಕೇಳುತ್ತಿರಲಿಲ್ಲ. ರಾತ್ರಿ ಮಲಗುವಾಗ ನಾಳೆಯ ಒಂಬತ್ತೂ ಕಾಲನ್ನು ನೆನೆದು ಖುಷಿಪಡುತ್ತಿದ್ದಳು. ಭಾನುವಾರ ಬಂದರೆ ಬೇಜಾರು.

ಅನಂತಪದ್ಮನಾಭನಿಗೆ ಮಾತ್ರ ಬೆನ್ನು ನೋವು ಬಂತು. ಏಳು ತಿಂಗಳು ತಳ್ಳಿದ ಮೇಲೆ, ಯುಗಾದಿಗೆ ಹತ್ತು ದಿನ ಇರುವಾಗ, ವಿಲ್ಸನ್ ಗಾರ್ಡನ್ನಿನಿಂದ ಗುಂಡಣ್ಣ ಎಂಬ ಮೆಕ್ಯಾನಿಕ್ಕನ್ನು ಕರೆತಂದ. ಗುಂಡಣ್ಣ ಬಾನೆಟ್ಟು ಎತ್ತಿ, ಬೀಡಿ ಹಚ್ಚಿ, ಬಹಳ ಹೊತ್ತು ನೋಡಿದ.

"ಇಂಜಿನ್ ಕಲ್ಲಿನಂಗೈತೆ ಸಾರ್. ಡೈನಮೋ ಅರ್ಧ ಕೆಟ್ಟೈತೆ, ಬ್ಯಾಟ್ರಿ ಸತ್ತೈತೆ, ಅಷ್ಟೇಯ."

"ಅಷ್ಟೇನಾ?"

"ಬ್ಯಾಟ್ರಿನೇ ಸಾರ್ ಗಾಡಿಗೆ ಜೀವ. ಜೀವ ಇಲ್ದಿದ್ದನ್ನ ಏಳ್ ತಿಂಗ್ಳು ತಳ್ಕೊಂಡು ಓಡಾಡಿದೀರಲ್ಲ, ದೊಡ್ಡೋರು ನೀವು."

ಡೈನಮೋ ಸುತ್ತಿಸಿ ತಂದರು, ಹೊಸ ಬ್ಯಾಟರಿ ಕೂರಿಸಿದರು. ಮಾರನೆಯ ಬೆಳಿಗ್ಗೆ ಅನಂತಪದ್ಮನಾಭ ತಾನೇ ಒಳಗೆ ಕೂತು ಗುಂಡಿ ಒತ್ತಿದ. ಕಾರು ತಕ್ಷಣ ಚಾಲೂ ಆಗಿ ಹೊರಟುಹೋಯಿತು. ನೆರಿಗೆ ಎತ್ತಿಕೊಂಡು ಗೇಟಿನ ಹತ್ತಿರ ನಿಂತಿದ್ದ ಸೀತಾಲಕ್ಷ್ಮಿ ನೆರಿಗೆ ಬಿಟ್ಟಳು. ಒಳಗೆ ಬಂದು ಮಜ್ಜಿಗೆ ಕಡೆಯಲು ಕೂತಳು. ಅಳು ಬಂತು. ಕಾರು ಸರಿಹೋಯಿತು ಅಂತ ಅಳುವವಳು ಇಡೀ ಜಯನಗರದಲ್ಲಿ ತಾನೊಬ್ಬಳೇ ಇರಬೇಕು ಎಂದುಕೊಂಡು ಇನ್ನಷ್ಟು ಅತ್ತಳು.

ನಾಲ್ಕು ದಿನ ತಡೆದುಕೊಂಡು, ಐದನೇ ದಿನ ಊಟಕ್ಕೆ ಬಡಿಸುವಾಗ ಕೇಳಿಯೇಬಿಟ್ಟಳು.

"ರೀ, ಹೊಂಗೆಮರದ ತನಕ ನಾನೇ ಓಡಿಸ್ಲಾ? ಮುಂಚಿನ ಥರ."

"ಯಾಕೆ? ಈಗ ತಾನಾಗೇ ಚಾಲೂ ಆಗುತ್ತಲ್ಲ."

"ಸುಮ್ನೆ."

"ಸುಮ್ನೆ ಯಾರಾದ್ರೂ ಓಡಿಸ್ತಾರಾ?" ಎಂದು ಅವನು ನಕ್ಕ. "ನಿಂಗೂ ಕಷ್ಟ ತಪ್ಪಿತಲ್ಲ, ಬಿಡು. ಹುಳಿ ಹಾಕು."

ಅವಳು ಹುಳಿ ಹಾಕಿದಳು. ಕಷ್ಟವಂತೆ, ಕಷ್ಟ!

ಯುಗಾದಿ ಕಳೆದು ಎರಡನೇ ಭಾನುವಾರ ರೇಸು. ಅನಂತಪದ್ಮನಾಭ ಹೆಸರು ಕೊಟ್ಟುಬಂದ. ಹದಿನಾಲ್ಕನೇ ನಂಬರು ಸಿಕ್ಕಿತು. ನಾನೂ ಬರಲೇ ಎಂದಳು ಸೀತಾಲಕ್ಷ್ಮಿ. ಅಲ್ಲಿ ಹೆಂಗಸರಿಗೇನು ಕೆಲಸ ಎಂದ. ಅಷ್ಟರಲ್ಲಿ ಶಾಂತಾದೇವಿ ಪಂಚಾಂಗ ತೆಗೆದರು. ಭಾನುವಾರ ಪಡುವಣಕ್ಕೆ ವಾರಶೂಲೆ, ಆ ದಿಕ್ಕಿಗೆ ಹೊರಡಲೇಬಾರದು. ರೇಸು ಬಿಡು ಎಂದರೆ ಮಗ ಕೇಳುವವನಲ್ಲ. ಹಾಗಾದರೆ ಇರುವುದೊಂದೇ ದಾರಿ, ಪ್ರಸ್ಥಾನ ಇಡುವುದು.

ಹೊರಡುವ ದಿನ ಚೆನ್ನಾಗಿಲ್ಲದಿದ್ದರೆ, ಹಿಂದಿನ ದಿನವೇ ಒಳ್ಳೆಯ ಹೊತ್ತು ನೋಡಿ ಪ್ರಯಾಣದ ಸಾಮಾನೊಂದನ್ನು ಬೇರೆಯವರ ಮನೆಯಲ್ಲಿ ಇಟ್ಟುಬರುತ್ತಾರೆ. ಅಲ್ಲಿಗೆ ಪ್ರಯಾಣ ಆಗಲೇ ಹೊರಟ ಲೆಕ್ಕ. ಮಾರನೆಯ ದಿನ ಅದನ್ನು ಎತ್ತಿಕೊಂಡು ಮುಂದುವರಿದರೆ ದೋಷವಿಲ್ಲ. ಸಾಮಾನ್ಯವಾಗಿ ಕೊಡೆಯನ್ನೋ ಪಂಚೆಯನ್ನೋ ಇಡುವುದು. ಅನಂತಪದ್ಮನಾಭ ಕೊಡೆ ತೆಗೆದುಕೊಂಡ.

"ಓಡೋದು ನೀನಲ್ವಲ್ಲೋ, ಕಾರು," ಎಂದರು ತಾಯಿ. "ಕಾರಿಂದೇ ಏನಾದ್ರೂ ಇಡ್ಬೇಕು. ಅದರ ಜೀವ ಎಲ್ಲಿದೆಯೋ ಅದನ್ನ."

ಜೀವ ಎಲ್ಲಿದೆ ಎಂದು ಗುಂಡಣ್ಣ ಹೇಳಿಯಾಗಿತ್ತು. ಶನಿವಾರ ಸಂಜೆ ಬ್ಯಾಟರಿ ಬಿಚ್ಚಿ, ಅರಿಶಿನ ಕುಂಕುಮ ಹಚ್ಚಿ, ಏಕಾಂತಯ್ಯನವರ ನಡುಮನೆಯಲ್ಲಿ ಮಣೆಯ ಮೇಲೆ ಇಟ್ಟುಬಂದರು.

ಭಾನುವಾರ ಹನ್ನೆರಡಕ್ಕೆ ಬ್ಯಾಟರಿ ವಾಪಸ್ಸು ಬಂತು. ಏಕಾಂತಯ್ಯನವರೇ ಎತ್ತಿಕೊಂಡು ಬಂದಿದ್ದರು. ಪಂಚೆಯಲ್ಲಿ ನಾಲ್ಕೈದು ಹೊಸ ತೂತು. ಕೂರಿಸಿ ಗುಂಡಿ ಒತ್ತಿದರೆ "ಟಿಕ್" ಎಂದಿತು, ಅಷ್ಟೇ.

"ಏನಾದ್ರೂ ಮಾಡಿದ್ರಾ ಸಾರ್ ಇದಕ್ಕೆ?" ಎಂದು ಅನಂತಪದ್ಮನಾಭ ಕೇಳಿದ.

"ಏನಿಲ್ಲಪ್ಪ. ಮೇಲೆ ಆರು ಬಿರಡೆ ಇದ್ವು. ತೆಗೆದು ನೋಡ್ತೀನಿ, ಒಳಗೆಲ್ಲ ನಿಂತ ನೀರು! ಮೂವತ್ತು ವರ್ಷ ಈ ಕೈಯಲ್ಲಿ ನಿಂತ ನೀರು ಚೆಲ್ಲಿಸಿದೀನಿ, ನಮ್ಮನೇಲೇ ಇಟ್ಕೋತೀನಾ? ಬಚ್ಚಲಿಗೆ ಬಗ್ಗಿಸಿ, ಕಾಯಿಸಿ ಆರಿಸಿದ ನೀರು ತುಂಬಿಸಿದೀನಿ. ಬಚ್ಚಲು ಎಷ್ಟು ಬೆಳ್ಳಗಾಗಿದೆ ಅಂತೀಯ!"

ಅವರು ಬಚ್ಚಲಿಗೆ ಚೆಲ್ಲಿದ್ದು ಬ್ಯಾಟರಿಯ ಆಸಿಡ್ಡು. ಅನಂತಪದ್ಮನಾಭ ಬಾನೆಟ್ಟಿನ ಮೇಲೆ ಹಣೆ ಇಟ್ಟ. ಹಿರಿಯರನ್ನು ಬೈಯುವ ಹಾಗಿಲ್ಲ. ಭಾನುವಾರ ಅಂಗಡಿ ತೆರೆದಿಲ್ಲ, ಗುಂಡಣ್ಣ ಮಾವನ ಮನೆಗೆ ಹೋಗಿದ್ದಾನೆ. ಹೋಗುವುದು ಬೇಡ ಎನ್ನೋಣವೆಂದರೆ, ಪ್ರಸ್ಥಾನ ಇಟ್ಟ ಮೇಲೆ ಹೋಗದೆ ಇದ್ದರೆ ಇನ್ನೂ ಕೆಟ್ಟದ್ದು ಎಂದು ತಾಯಿ. ಕೊನೆಗೆ ಅವನು ಕೋಟು ಬಿಚ್ಚಿ, ಹೆಂಡತಿಯ ಕಡೆ ನೋಡದೆ, "ಸೀತಾ, ಕೂತ್ಕೋ. ನೀನೂ ಬಾ. ಅಲ್ಲೂ ತಳ್ಳಬೇಕಾಗಬಹುದು," ಎಂದ.

ಸೀತಾಲಕ್ಷ್ಮಿ ಫ್ಲಾಸ್ಕಿಗೆ ಕಾಫಿ ತುಂಬಿಕೊಂಡು ಬಂದು ಕೂತಳು. ಬಿರಡೆ ತೆಗೆದ ಆ ಮೂವತ್ತು ವರ್ಷದ ಕೈಗೆ ಮನಸ್ಸಿನಲ್ಲೇ ನಮಸ್ಕಾರ ಹಾಕಿದಳು. ತಳ್ಳಿದರು, ಹೊತ್ತಿಕೊಂಡಿತು, ಹೊಂಗೆಮರದ ಹತ್ತಿರ ನಿಂತಿತು. ಅವಳು ಇಳಿದು ಎಡಗಡೆಯ ಸೀಟಿಗೆ ಹೋದಳು.

ವಿಮಾನದ ಪಟ್ಟಿಯಲ್ಲಿ ಹದಿನೆಂಟು ಕಾರು, ಹಗ್ಗದ ಆಚೆ ಜನವೋ ಜನ. ಐದು ಸುತ್ತು. ತಿರುವಿಗೊಂದು ಸೀಮೆಎಣ್ಣೆ ಡ್ರಮ್ಮು. ಬಾವುಟ ಬೀಳುವವರೆಗೆ ಯಾರೂ ಇಂಜಿನ್ನು ಚಾಲೂ ಮಾಡಬಾರದು, ಓಡುವವರೆಲ್ಲ ಎದುರು ಬದಿಯಲ್ಲಿ ನಿಂತಿದ್ದು ಬಾವುಟ ಬಿದ್ದಮೇಲೆ ಓಡಿಬಂದು ಹತ್ತಬೇಕು ಎಂದು ನಿಯಮ. ಅನಂತಪದ್ಮನಾಭನ ಮುಖ ನೋಡಿದರೆ ಅಯ್ಯೋ ಪಾಪ ಎನಿಸುತ್ತಿತ್ತು. ಸೀತಾಲಕ್ಷ್ಮಿ ಹಗ್ಗದ ಹತ್ತಿರ ಫ್ಲಾಸ್ಕು ಹಿಡಿದು ನಿಂತಳು.

ಬಾವುಟ ಬಿತ್ತು. ಹದಿನೇಳು ಕಾರು ಹೊಗೆ ಎಬ್ಬಿಸಿ ಹೋದವು. ಹದಿನಾಲ್ಕನೇ ನಂಬರು "ಟಿಕ್" ಎಂದಿತು.

ಅನಂತಪದ್ಮನಾಭ ಯೋಚನೆ ಮಾಡಲಿಲ್ಲ. ಮಾಡಿದ್ದರೆ ಕಥೆ ಬೇರೆಯಾಗುತ್ತಿತ್ತು. ಏಳು ತಿಂಗಳು ಬೆಳಿಗ್ಗೆ ಎದ್ದು ಮಾಡಿದ್ದನ್ನೇ ಮಾಡಿದ. ಇಳಿದ, ಕೋಟು ಬಿಚ್ಚಿ ಪಕ್ಕದ ಸೀಟಿಗೆ ಹಾಕಿದ, ಹಿಂದಕ್ಕೆ ಹೋಗಿ ನಿಂತು "ಸೀತಾ!" ಎಂದ. ಅವಳೂ ಯೋಚನೆ ಮಾಡಲಿಲ್ಲ. ಫ್ಲಾಸ್ಕನ್ನು ಪಕ್ಕದವರ ಕೈಗೆ ಕೊಟ್ಟು, ಹಗ್ಗದ ಕೆಳಗೆ ತೂರಿ, ನೆರಿಗೆ ಎತ್ತಿಕೊಂಡು ಬಂದು ಕೂತಳು. ಬಾವುಟ ಹಿಡಿದಿದ್ದವರಿಬ್ಬರು ತಳ್ಳಲು ಕೈಹಾಕಿದರು.

"ಬಿಡು!"

ಬಿಟ್ಟಳು. ಇಂಜಿನ್ನು ಮುಗ್ಗರಿಸಿ ಹೊತ್ತಿಕೊಂಡಿತು.

ಮನೆಯ ಹತ್ತಿರವಾಗಿದ್ದರೆ ಇಷ್ಟು ಹೊತ್ತಿಗೆ ಹೊಂಗೆಮರ ಬಂದು ಬ್ರೇಕು ಒತ್ತಬೇಕಿತ್ತು. ಅವಳು ನೋಡಿದಳು. ಹೊಂಗೆಮರ ಇರಲಿಲ್ಲ. ಒಂದು ಮೈಲಿ ಬರೀ ಸಿಮೆಂಟು, ಅದರ ಮೇಲೆ ಬಿಸಿಲು. ಹಿಂದಿನಿಂದ "ನಿಲ್ಸೇ! ಸೀತಾ, ನಿಲ್ಸೇ!" ಎಂದು ಗಂಡ ಕೂಗುವುದು ಕೇಳಿಸಿತು. ಚೆನ್ನಾಗಿಯೇ ಕೇಳಿಸಿತು. ಕೇಳಿಸಲಿಲ್ಲ ಎಂದು ಅವಳು ಆಮೇಲೂ ಯಾರ ಹತ್ತಿರವೂ ಸುಳ್ಳು ಹೇಳಲಿಲ್ಲ.

ಮೂರನೇ ಗೇರು ಅವಳು ಹಾಕಿದವಳೇ ಅಲ್ಲ. ಬರುವಾಗ ಗಂಡನ ಕೈ ನೋಡಿಕೊಂಡು ಕೂತಿದ್ದಳಲ್ಲ, ಹಾಗೆ ಹಾಕಿದಳು. ಕರಕರ ಎಂದು ಬೈದು ಬಿತ್ತು. ನಾಲ್ಕನೆಯದು ಬೈಯದೆ ಬಿತ್ತು. ಮೊದಲ ತಿರುವಿನಲ್ಲಿ ಡ್ರಮ್ಮಿಗೆ ಸವರಿಕೊಂಡೇ ಹೋದಳು, ಜೀವ ಬಾಯಿಗೆ ಬಂತು. ಎರಡನೇ ಸುತ್ತಿನಲ್ಲಿ ಡ್ರಮ್ಮಿಗೂ ಅವಳಿಗೂ ರಾಜಿಯಾಯಿತು. ಮೂರನೆಯದರಲ್ಲಿ ತುರುಬು ಬಿಚ್ಚಿ ಕೂದಲು ಹಿಂದಕ್ಕೆ ಹಾರಿತು. ಹೊಚ್ಚ ಹೊಸ ಕಾರೊಂದು ಬಾನೆಟ್ಟು ತೆರೆದುಕೊಂಡು, ಆವಿ ಬಿಡುತ್ತ ಬದಿಗೆ ನಿಂತಿತ್ತು. ಅದನ್ನು ದಾಟುವಾಗ ಅವಳಿಗೆ ನಗು ಬಂತು. ಜೋರಾಗಿಯೇ ನಕ್ಕಳು, ಅಲ್ಲಿ ಯಾರಿಗೆ ಕೇಳಿಸಬೇಕು? ಮದುವೆಯ ದಿನವೂ ಇಷ್ಟು ಖುಷಿ ಆಗಿರಲಿಲ್ಲ. ಅದು ಮನಸ್ಸಿಗೆ ಬಂದದ್ದಕ್ಕೆ ಸ್ವಲ್ಪ ನಾಚಿಕೆಯಾಯಿತು, ಖುಷಿ ಕಡಿಮೆಯಾಗಲಿಲ್ಲ.

ಐದೂ ಸುತ್ತು ಮುಗಿಸಿ, ಹೊರಟ ಜಾಗಕ್ಕೆ ತಂದು, ಇಂಜಿನ್ನು ಆರದ ಹಾಗೆ ನಿಲ್ಲಿಸಿದಳು. ನಾಲ್ಕು ಕಾರು ನಡುವೆ ಕೈಕೊಟ್ಟಿದ್ದವು. ಇದು ಕೊಡಲಿಲ್ಲ. ಮೇಜು ಹಾಕಿಕೊಂಡು ಕೂತಿದ್ದ ಗುಮಾಸ್ತ ಅವಳನ್ನು ನೋಡಿದ, ಪಟ್ಟಿಯಲ್ಲಿದ್ದ ಹೆಸರನ್ನು ನೋಡಿದ, ಮತ್ತೆ ಅವಳನ್ನು ನೋಡಿದ. ಕೊನೆಗೆ ಹದಿನಾಲ್ಕನೇ ನಂಬರಿನ ಮುಂದೆ "ಹೊರಡಲಿಲ್ಲ" ಎಂದು ಬರೆದುಕೊಂಡ.

ಅನಂತಪದ್ಮನಾಭ ಓಡಿಬಂದ. ಬಲಗಡೆಯ ಬಾಗಿಲು ತೆಗೆದು, ಏದುಸಿರು ಬಿಡುತ್ತ ನಿಂತ. ಅವಳು ಇಳಿಯಲಿಲ್ಲ.

"ಇಳಿ," ಎಂದ.

"ಇಲ್ಲ."

"ಏನು ಇಲ್ಲ? ಮನೆಗೆ ಹೋಗ್ಬೇಡ್ವಾ?"

"ಹೋಗೋಣ. ನಾನೇ ಓಡಿಸ್ತೀನಿ. ನೀವು ಆ ಕಡೆಯಿಂದ ಹತ್ತಿ."

"ಜನ ನೋಡ್ತಿದಾರೆ ಸೀತಾ."

"ನೋಡ್ಲಿ ಬಿಡಿ. ನಂಗೆ ಇದು ಬೇಕು ರೀ. ಅವತ್ತು ಊಟಕ್ಕೆ ಕೂತಾಗ ಕೇಳಿದೆ, ನೀವು ನಕ್ಕುಬಿಟ್ರಿ. ಈಗ ಇನ್ನೊಂದು ಸಲ ಕೇಳಲ್ಲ."

ಅವಳ ಕೈ ಸ್ಟೀರಿಂಗಿನ ಮೇಲೆ ಗಟ್ಟಿಯಾಗಿತ್ತು. ಅವನು ಅವಳ ಬಿಚ್ಚಿದ ಕೂದಲನ್ನೂ ಧೂಳು ಮೆತ್ತಿದ ಮುಖವನ್ನೂ ಮೊದಲ ಸಲ ನೋಡುತ್ತಿರುವವನಂತೆ ನೋಡಿದ. ಹಗ್ಗದ ಆಚೆ ಯಾರೋ ಸಿಳ್ಳೆ ಹಾಕಿದರು. ಅವನು ಬಾಗಿಲನ್ನು ಮೆಲ್ಲಗೆ ಮುಚ್ಚಿ, ಕಾರಿನ ಉದ್ದ ಮೂತಿಯನ್ನು ಸುತ್ತಿಕೊಂಡು ಎಡಗಡೆಗೆ ಹೋದ.

ಅಲ್ಲಿ ಹಿಡಿ ಜಗ್ಗಿದ. ಬಾಗಿಲು ಬರಲಿಲ್ಲ. ಇನ್ನೊಂದು ಸಲ ಜಗ್ಗಿದ, ಗುದ್ದಿದ, ಬಗ್ಗಿ ಸಂದಿಯಲ್ಲಿ ನೋಡಿದ. ತನ್ನದೇ ಕಾರಿನ ಆ ಬಾಗಿಲನ್ನು ಅವನು ಈವರೆಗೆ ಒಂದು ಸಲವೂ ತೆಗೆದಿರಲಿಲ್ಲ.

"ಹೇಗೇ ಇದು?" ಎಂದು ಕೇಳಿದ.

"ಸ್ವಲ್ಪ ಮೇಲಕ್ಕೆ ಎತ್ತಿ ಎಳೀಬೇಕು," ಎಂದಳು ಸೀತಾಲಕ್ಷ್ಮಿ. ಅವನ ಕೋಟನ್ನು ಸೀಟಿನಿಂದ ಎತ್ತಿ ಮಡಿಲಿಗೆ ಹಾಕಿಕೊಂಡು, ಅವನು ಹತ್ತುವ ತನಕ ಕಾದಳು.