ಮೇಲರ್ಧದ ಗೋಡೆ

ಕೊಯ್ಲು ಮುಗಿದು ಬಯಲೆಲ್ಲ ಬೋಳಾಗಿತ್ತು. ಶಾಲೆಗಳಿಗೆ ರಜೆ ಬಿದ್ದು, ಊರಿನ ಮನೆಮನೆಗೂ ನೆಂಟರು ಬರುವ ಕಾಲ. ಬೆಳಗಿನ ಚಳಿ ಬಿಡುವ ಮೊದಲೇ ಅಣ್ಣನ ಮನೆಯ ಮುಂದಿನ ಗೋಡೆಗೆ ಸುಣ್ಣ ಬಳಿಯಲು ತಮ್ಮ ನಿಂತಿದ್ದ. ಹಿಂದಿನ ದಿನವೇ ನೆನೆಹಾಕಿ, ಬಟ್ಟೆಯಲ್ಲಿ ಸೋಸಿ, ಚಿಟಿಕೆ ನೀಲಿ ಬೆರೆಸಿಟ್ಟ ಸುಣ್ಣ; ಕುಂಚ ಅದ್ದಿ ಎತ್ತಿದರೆ ದಪ್ಪ ಮಜ್ಜಿಗೆಯಂತೆ ಇಳಿಯುತ್ತಿತ್ತು.

ಊರಿನವರು ಈ ಅಣ್ಣತಮ್ಮಂದಿರನ್ನು ಕರೆಯುತ್ತಿದ್ದುದೇ ಮೇಲಿನವ, ಕೆಳಗಿನವ ಎಂದು. ಮೂವತ್ತು ವರ್ಷ ಜೊತೆಯಲ್ಲಿ ಸುಣ್ಣ ಬಳಿದವರು. ಅಣ್ಣ ಏಣಿ ಹತ್ತಿ ಗೋಡೆಯ ಮೇಲರ್ಧ ಬಳಿಯುತ್ತ ಒಂದು ಮಾರು ಮುಂದೆ ಹೋದರೆ, ಅಲ್ಲಿಂದ ಇಳಿದ ಹನಿಗಳನ್ನು ಸವರಿಕೊಳ್ಳುತ್ತ ತಮ್ಮ ನೆಲದ ಮೇಲೆ ನಿಂತು ಕೆಳಗರ್ಧ ಬಳಿಯುತ್ತಿದ್ದ. "ದೊಡ್ಡವನು ಮೇಲೆ ನಿಂತು ತಮ್ಮನ ತಲೆಗೆ ಸುಣ್ಣ ಸುರೀತಾನೆ" ಎಂದು ಜನ ಆಡಿಕೊಂಡರೆ ಅಣ್ಣ ನಕ್ಕುಬಿಡುತ್ತಿದ್ದ. ಏಣಿಯ ಮೂರನೇ ಮೆಟ್ಟಿಲು ದಾಟಿದರೆ ತಮ್ಮನಿಗೆ ತಲೆ ಸುತ್ತುತ್ತಿತ್ತು. ಅಣ್ಣ ಅದನ್ನು ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ.

ಮಳೆಗಾಲದಲ್ಲಿ ಎದೆನೋವು ಎಂದು ಮಲಗಿದ ಅಣ್ಣ ಮತ್ತೆ ಏಳಲಿಲ್ಲ. ಈ ಸಲ ಬೇರೆ ಮನೆಗಳಿಗೆಲ್ಲ ತಮ್ಮ ಒಬ್ಬ ಕೂಲಿಯವನನ್ನು ಏಣಿ ಹತ್ತಿಸಿ ಕೆಲಸ ಮುಗಿಸಿದ್ದ. ಅಣ್ಣನ ಮನೆಗೆ ಮಾತ್ರ ಅವನನ್ನು ಕರೆಯಲು ಮನಸ್ಸು ಬರಲಿಲ್ಲ. ತಮ್ಮನ ಮನೆಯ ಮೇಲರ್ಧವನ್ನು ಪ್ರತಿ ವರ್ಷ ಅಣ್ಣನೇ ಬಳಿದಿದ್ದ. ಆ ಋಣಕ್ಕೆ ಒಂದು ಗೋಡೆಯನ್ನಾದರೂ ತಾನೇ ಹತ್ತಿ ಬಳಿಯಬೇಕೆಂಬ ಹಟ ಅವನಿಗೆ.

ಸಂಜೆಯ ಬಸ್ಸಿಗೆ ಅಣ್ಣನ ಮಗಳು ಮಕ್ಕಳನ್ನು ಕಟ್ಟಿಕೊಂಡು ಬರುವವಳಿದ್ದಳು. "ಅಪ್ಪ ಇಲ್ಲದ ಮನೆಗೆ ರಜೆಗೆ ಅಂತ ಹೇಗೆ ಬರಲಿ ಚಿಕ್ಕಪ್ಪಾ?" ಎಂದು ಫೋನಿನಲ್ಲಿ ಅತ್ತಿದ್ದಳು. "ನೀನು ಬಾಮ್ಮ, ಮನೆ ಯಾವತ್ತಿನ ಹಾಗೇ ಇರತ್ತೆ" ಎಂದು ಇವನು ಮಾತು ಕೊಟ್ಟುಬಿಟ್ಟಿದ್ದ.

ಹತ್ತು ಗಂಟೆಗೆ ಅತ್ತಿಗೆ ಚಹಾ ತಂದಳು. ಗೋಡೆಯನ್ನೊಮ್ಮೆ ನೋಡಿದಳು, ಮೈದುನನನ್ನೊಮ್ಮೆ ನೋಡಿದಳು. ಕೆಳಗರ್ಧ ಮೂಲೆಯಿಂದ ಮೂಲೆಗೆ ಬೆಳ್ಳಗಾಗಿತ್ತು. ಮೇಲರ್ಧ ಮಳೆಯ ಕಲೆ ಹೊತ್ತು ಹಾಗೇ ಇತ್ತು.

"ಅಲ್ಲಪ್ಪಾ, ಇದೇನು ಮಾಡಿಟ್ಟಿದೀಯ?"

"ಯಾಕತ್ತಿಗೆ? ಚೆನ್ನಾಗೇ ಬಂದಿದೆಯಲ್ಲ."

"ಬಂದಿದೆ, ಬಂದಿದೆ. ಇನ್ನು ಮೇಲೆ ಬಳಿದ್ರೆ ಅದೆಲ್ಲ ಎಲ್ಲಿಗೆ ಇಳಿಯತ್ತೆ? ಆಕಾಶಕ್ಕಾ?"

ಅವನು ಕತ್ತೆತ್ತಿ ಮೇಲರ್ಧವನ್ನು ನೋಡಿದ. ಕೈ ತನ್ನ ರೂಢಿಯಂತೆ ತನ್ನ ಪಾಲಿನ ಗೋಡೆಯನ್ನು ಬಳಿದುಕೊಂಡು ಹೋಗಿತ್ತು. ಮೇಲೆ ಯಾರೂ ಇಲ್ಲವೆಂಬುದು ನೆನಪಾಗಿರಲಿಲ್ಲ. ಅತ್ತಿಗೆ ನಗು ತಡೆಯಲಾರದೆ ಚಹಾದ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು.

"ನಗಬೇಡಿ ಅತ್ತಿಗೆ."

"ನಗದೆ ಏನು ಮಾಡಲಿ? ನಿಮ್ಮಣ್ಣ ಇದ್ದಿದ್ರೆ ಬಿದ್ದು ಬಿದ್ದು ನಗ್ತಿದ್ರು."

ಮಳೆಗಾಲದಿಂದೀಚೆಗೆ ಅವಳು ನಕ್ಕಿದ್ದನ್ನು ಅವನು ಕಂಡಿರಲಿಲ್ಲ. ಅವನಿಗೂ ನಗು ಬಂತು.

ಚಹಾ ಮುಗಿಸಿ ಏಣಿ ಒರಗಿಸಿದ. ಎರಡು ಮೆಟ್ಟಿಲು ಸಲೀಸಾಯಿತು. ಮೂರನೆಯದರಲ್ಲಿ ಏಣಿಯನ್ನು ತಬ್ಬಿಕೊಂಡು ನಿಂತ. ಅತ್ತಿಗೆ ತಲೆಗೆ ಟವೆಲ್ ಸುತ್ತಿಕೊಂಡು ಬಂದು ಏಣಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಳು.

"ಕೆಳಗೆ ನೋಡಬೇಡ. ಗೋಡೆ ನೋಡ್ಕೊಂಡು ಹತ್ತು."

"ನಿಮಗೆ ಅಣ್ಣ ಹೇಳಿದ್ನಾ?"

"ಅವರೆಲ್ಲಿ ಹೇಳ್ತಾರೆ! ಬಲ್ಬ್ ಹಾಕೋಕೂ ಅಣ್ಣನ್ನ ಕರ್ಕೊಂಡು ಹೋಗ್ತಿದ್ದೋನು ನೀನು. ನನಗೇನು ಕಣ್ಣಿಲ್ವಾ? ಮಾತಾಡ್ತಾ ಬಳಿ, ತಲೆ ಸುತ್ತಲ್ಲ."

ಅವನು ಮಾತಾಡಿದ. ಕೂಲಿಯವನು ಮೇಷ್ಟರ ಮನೆಯ ಕಿಟಕಿಯ ಗಾಜಿಗೂ ಸುಣ್ಣ ಬಳಿದದ್ದು, ಅದಕ್ಕೆ ಮೇಷ್ಟರ ಹೆಂಡತಿ ತನ್ನನ್ನು ಬೈದದ್ದು, ಎಲ್ಲ ಹೇಳಿದ. ಟವೆಲ್ ಜಾರಿ ಒಂದು ಹನಿ ಅತ್ತಿಗೆಯ ಕೂದಲ ಮೇಲೆ ಬಿತ್ತು. "ಬಳಿ ಬಳಿ, ಅದು ಮೊದಲೇ ಬೆಳ್ಳಗಾಗಿದೆ" ಎಂದಳು. ಅಷ್ಟಷ್ಟು ಬಳಿದು ಇಳಿದು, ಏಣಿ ಸರಿಸಿ, ಮತ್ತೆ ಹತ್ತಬೇಕಿತ್ತು. ಮಧ್ಯಾಹ್ನದ ಹೊತ್ತಿಗೆ ಅವನು ಐದನೇ ಮೆಟ್ಟಿಲಲ್ಲಿ ನಿಂತು ಉಸಿರಾಡುವುದನ್ನು ಕಲಿತಿದ್ದ.

ನಾಲ್ಕು ಗಂಟೆಗೆ ಗೋಡೆ ಬೆಳ್ಳಗಾಯಿತು, ಸೂರಿನ ಅಡಿಯ ಒಂದು ಗೇಣು ಬಿಟ್ಟು. ಅದಕ್ಕೆ ಕೊನೆಯ ಮೆಟ್ಟಿಲ ಮೇಲೆ ನಿಲ್ಲಬೇಕು; ಅಲ್ಲಿ ಕೈಗೆ ಆಸರೆಯಿಲ್ಲ. ಎರಡು ಸಲ ಹತ್ತಿ ಎರಡು ಸಲವೂ ಇಳಿದ.

"ಯಾವತ್ತಿನ ಹಾಗೇ ಇರತ್ತೆ ಅಂದಿದ್ದೆ ಮಗಳಿಗೆ. ಗೇಣು ಉಳಿದೇಹೋಯ್ತು."

"ಯಾವತ್ತಿನ ಹಾಗೆ ಹೇಗಿರತ್ತಪ್ಪಾ? ಅವಳಿಗದು ಗೊತ್ತಿಲ್ವಾ? ಗೊತ್ತಿದ್ದೂ ಬರ್ತಿದ್ದಾಳಲ್ಲ, ಅಷ್ಟು ಸಾಕು."

"ಅಣ್ಣನ ಕೆಲಸ ಅರ್ಧಕ್ಕೆ ಬಿಟ್ಟ ಹಾಗಾಯ್ತು ಅತ್ತಿಗೆ."

"ಬಾಕಿ ಇರಲಿ ಬಿಡು. ಮುಂದಿನ ರಜೆಗೆ ಬಂದು ತೀರಿಸು. ಎಲ್ಲ ಒಂದೇ ಸಲ ತೀರಿಸಿಬಿಟ್ರೆ ಆಮೇಲೆ ನೀನು ಈ ಕಡೆ ತಲೆ ಹಾಕ್ತೀಯೋ ಇಲ್ವೋ!"

ಹನಿ ಇಳಿದು ಗೆರೆಗೆರೆಯಾಗಿದ್ದ ಕೆಳಗರ್ಧವನ್ನು ಇನ್ನೊಮ್ಮೆ ಬಳಿಯಬೇಕಿತ್ತು. ಬಸ್ಸಿಗೆ ಇನ್ನೂ ಒಂದು ಗಂಟೆಯಿತ್ತು. ಅವನು ಬಕೆಟ್ ಎತ್ತಿಕೊಂಡು ಈ ಮೂಲೆಯಿಂದ ಶುರುಮಾಡಿದ. ಅತ್ತಿಗೆ ಇನ್ನೊಂದು ಕುಂಚ ಹಿಡಿದು ಆ ಮೂಲೆಗೆ ಹೋದಳು.